ಆಣೆ ಬಿಟ್ಟು ಲೆಕ್ಕ ಹಿಡಿದ ರೈಟರು: ಒಂದು ಪ್ರಕರಣ

ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದ ರೈಟರೊಬ್ಬರ ಪ್ರಕರಣ ಇದು. ಅವರೂ ಅವರ ಮನೆಯವರೂ ಓದಿ ಒಪ್ಪಿದ ಮೇಲೆ ಹಾಕುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರು, ವಯಸ್ಸು, ಸಂಸಾರದ ಕೆಲವು ವಿವರ ಬದಲಾಯಿಸಿದ್ದೇನೆ. ಹೆಸರು ಹಾಕಿಲ್ಲ. ತೋಟದಲ್ಲಿ ಎಲ್ಲರೂ ಅವರನ್ನು "ರೈಟ್ರೇ" ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ. ನಾನು ಕುಡಿತ ಬಿಡಲು ಬರುವವರ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿ. ಕುಡಿತ ಬಿಟ್ಟವರ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ. ಇವರು ಕುಡಿತ ಬಿಟ್ಟಿದ್ದಕ್ಕಿಂತ, ನಿಜ ಹೇಳುವುದನ್ನು ಹೇಗೆ ರೂಢಿ ಮಾಡಿಕೊಂಡರು, ಅದಕ್ಕೆ ಏನೇನು ತೆತ್ತರು ಅನ್ನುವುದು ನನಗೆ ಜಾಸ್ತಿ ಮುಖ್ಯ ಅನ್ನಿಸಿತು. ಅದಕ್ಕೇ ಬರೆಯುತ್ತಿರುವುದು.

ಹಿನ್ನೆಲೆ

ರೈಟರ್ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ತೋಟದ ಆಳುಗಳ ಹಾಜರಿ, ಅಂದರೆ ಚೆಕ್‌ರೋಲ್, ಬರೆಯುವುದು ಅವರೇ. ಕೊಯ್ಲಿನಲ್ಲಿ ಸಂಜೆ ಹಣ್ಣು ತೂಕ ಹಾಕಿ ಯಾರದ್ದು ಎಷ್ಟು ಕೆಜಿ ಅಂತ ಬರೆದುಕೊಳ್ಳುವುದು, ಸಂತೆಯ ಹಿಂದಿನ ದಿನ ಕೂಲಿ ಬಟವಾಡೆ ಮಾಡುವುದು, ಗೊಬ್ಬರ, ಸುಣ್ಣ, ಮೈಲುತುತ್ತದ ಸ್ಟಾಕ್ ನೋಡಿಕೊಳ್ಳುವುದು, ಎಲ್ಲ ಅವರ ತಲೆ ಮೇಲೆ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾದರೆ ರೊಬಸ್ಟಾ ಮುಗಿಯುವಾಗ ಫೆಬ್ರವರಿ ದಾಟಿರುತ್ತದೆ. ಆ ತಿಂಗಳುಗಳಲ್ಲಿ ರೈಟರ ಕೈಯಲ್ಲಿ ನಗದು ಓಡಾಡುತ್ತಲೇ ಇರುತ್ತದೆ. ಸಾಹುಕಾರರು ಪುಸ್ತಕ ನಂಬುತ್ತಾರೆ, ಆಳುಗಳೂ ಪುಸ್ತಕ ನಂಬುತ್ತಾರೆ. ಪುಸ್ತಕದಲ್ಲಿ ಇದ್ದದ್ದೇ ನಿಜ.

ಇವರು ಹುಡುಗನಾಗಿದ್ದಾಗ ಪ್ಯಾಕೆಟ್ ಸಾರಾಯಿಯಿಂದ ಶುರು ಮಾಡಿದವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಇವರದ್ದು ನಿಲ್ಲಲಿಲ್ಲ, ಅಗ್ಗದ ವಿಸ್ಕಿಗೆ ತಿರುಗಿತು. 90 ಎಂಎಲ್ ಟೆಟ್ರಾ ಪ್ಯಾಕ್ ಅಂಗಿ ಜೇಬಿಗೆ ಹಿಡಿಯುತ್ತದೆ, ಬಿದ್ದರೆ ಒಡೆಯುವುದಿಲ್ಲ, ಸದ್ದೂ ಮಾಡುವುದಿಲ್ಲ. ಬಚ್ಚಿಡುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಒಳ್ಳೆಮೆಣಸಿನ ಚೀಲದ ಮಧ್ಯೆ, ಪಲ್ಪರ್ ಮನೆಯ ಹಿಂದೆ, ಗಂಬೂಟಿನ ಒಳಗೆ, ಎಲ್ಲ ಕಡೆ ಇಡುತ್ತಿದ್ದರು. ಮಳೆಗಾಲದಲ್ಲಿ "ಮೈ ಬಿಸಿ ಆಗ್ಲಿ ಅಂತ", ಕೊಯ್ಲಿನಲ್ಲಿ "ಕೆಲಸ ಜಾಸ್ತಿ ಅಂತ". ನೆಪ ಯಾವ ಕಾಲಕ್ಕೂ ಸಿಗುತ್ತದೆ.

ಕೊನೆಕೊನೆಗೆ ಬೆಳಿಗ್ಗೆ ಒಂದು ನೈಂಟಿ ಹೊಟ್ಟೆಗೆ ಹೋಗದೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಆ ಕಾಲದ ಒಂದು ಹಾಜರಿ ಪುಟದ ಫೋಟೋ ಅವರೇ ನನಗೆ ತೋರಿಸಿದ್ದರು. ಮೇಲಿನ ನಾಲ್ಕೈದು ಹೆಸರುಗಳ ಮುಂದೆ ಗುರುತು ಅಡ್ಡಾದಿಡ್ಡಿ, ಮನೆ ದಾಟಿ ಪಕ್ಕದ ಮನೆಗೆ ಹೋಗಿದೆ. ಅಲ್ಲಿಂದ ಕೆಳಗೆ ಅಚ್ಚುಕಟ್ಟು. "ಇಲ್ಲಿ ಎದ್ದು ಗೋಡೌನಿಗೆ ಹೋಗಿ ಬಂದೆ ಮೇಡಂ" ಅಂತ ಬೆರಳಿಟ್ಟು ತೋರಿಸಿದರು.

ಆಣೆ, ಮಾತ್ರೆ, ಪುಡಿ

ಮೊದಲು ಮಾಡಿದ್ದು ಆಣೆ. ಧರ್ಮಸ್ಥಳದ ಆಣೆ ಅಂದರೆ ಮಲೆನಾಡಿನವರಿಗೆ ತಮಾಷೆಯಲ್ಲ. ಜಗಳ ಬಿದ್ದರೆ ಕೋರ್ಟಿಗಿಂತ ಮೊದಲು ಮಂಜುನಾಥನ ಹೆಸರು ಎತ್ತುವ ಜನ ನಾವು. ಹೆಂಡತಿ, ಭಾವಮೈದುನ ಸೇರಿ ಚಾರ್ಮಾಡಿ ಘಾಟಿ ಇಳಿಸಿ ಕರೆದುಕೊಂಡು ಹೋದರು. ಇನ್ಮೇಲೆ ಮುಟ್ಟಲ್ಲ ಅಂತ ದೇವರ ಮುಂದೆ ಹೇಳಿಸಿದರು. ರೈಟರು ನಿಜಕ್ಕೂ ಮುಟ್ಟಲಿಲ್ಲ. ಎರಡನೇ ರಾತ್ರಿ ಫಿಟ್ಸ್ ಬಂತು.

ಊರವರು ಏನಂದುಕೊಂಡರು ಗೊತ್ತಾ? ಕದ್ದು ಕುಡಿದಿದ್ದಾನೆ, ದೇವರು ತೋರಿಸಿಬಿಟ್ಟ ಅಂತ. ನಡೆದಿದ್ದು ಅದರ ಉಲ್ಟಾ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಅದಾದ ಮೇಲೆ ಒಂದೆರಡು ದಿನಕ್ಕೆ ಕೆಲವರಿಗೆ ಸನ್ನಿ ಹಿಡಿಯುತ್ತದೆ, ನೋಡಿಕೊಳ್ಳದಿದ್ದರೆ ಜೀವವೂ ಹೋಗಬಹುದು. ಅವರು ಬಿದ್ದಿದ್ದು ಆಣೆ ಮುರಿದಿದ್ದಕ್ಕಲ್ಲ, ಔಷಧಿಯಿಲ್ಲದೆ ಅದನ್ನು ಪಾಲಿಸಿದ್ದಕ್ಕೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು? ರೈಟರು "ಒಂದು ಕ್ವಾರ್ಟರ್ ಸಾರ್" ಅಂದರು. ನಿಜ ಅದರ ಮೂರು ಪಟ್ಟು ಇತ್ತು. ಹೆಂಡತಿಗೂ ಗೊತ್ತಿರಲಿಲ್ಲ, ಬೆಳಗಿನ ಪ್ಯಾಕೆಟ್ಟುಗಳನ್ನು ಅವರು ಕಂಡೇ ಇರಲಿಲ್ಲ. ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಯಾವಾಗ ಕುಡಿದಿದ್ದು ಅನ್ನುವುದನ್ನೂ ನೋಡಿಕೊಂಡೇ ಔಷಧಿಯ ಪ್ರಮಾಣ ಗೊತ್ತು ಮಾಡುತ್ತಾರೆ. ಮಾರನೇ ರಾತ್ರಿ ಸನ್ನಿ ಹಿಡಿಯಿತು. ವಾರ್ಡಿನ ಗೋಡೆ ಮೇಲೆ ಆಳುಗಳು ಸಾಲಾಗಿ ನಿಂತು ಬಟವಾಡೆ ಕೇಳುತ್ತಿದ್ದಾರೆ ಅಂತ ಕೂಗಾಡಿದರಂತೆ. ಹುಷಾರಾಗಲು ಜಾಸ್ತಿ ದಿನ ಬೇಕಾಯಿತು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಬಿಡುವ ಯೋಚನೆಯಲ್ಲಿದ್ದರೆ, ಬೇರೆ ಯಾರಿಗೆ ಬೇಕಾದರೂ ಆಮೇಲೆ ನಿಜ ಹೇಳಿ, ಡಾಕ್ಟರಿಗೆ ಮಾತ್ರ ಮೊದಲ ದಿನವೇ ಹೇಳಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ ಕೇಳಬಹುದು. ಅದು ಟೆಲಿ ಮನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಗೆ ಬಂದ ಮೇಲೆ ಡೈಸಲ್ಫಿರಾಮ್ ಮಾತ್ರೆ. ಇದನ್ನು ನುಂಗಿದವರು ಕುಡಿದರೆ ಮದ್ಯ ದೇಹದಲ್ಲಿ ಪೂರ್ತಿ ಕರಗದೆ ಅರ್ಧದಲ್ಲೇ ವಿಷವಾಗಿ ನಿಲ್ಲುತ್ತದೆ. ಮುಖ ಕೆಂಪೇರಿ, ಎದೆ ಡವಡವ ಅಂದು, ವಾಂತಿಯಾಗುತ್ತದೆ. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಆ ಅಪಾಯ ಇರುತ್ತದೆ. ಒಪ್ಪಿ ತೆಗೆದುಕೊಳ್ಳುವವರಿಗೆ ಒಳ್ಳೆಯ ಊರುಗೋಲು. ಇವರು ಒಪ್ಪಿರಲಿಲ್ಲ, ಒಪ್ಪಿದ ಹಾಗೆ ಮಾಡಿದ್ದರು. ನಾಲಿಗೆ ಕೆಳಗೆ ಇಟ್ಟುಕೊಂಡು ಬಚ್ಚಲಲ್ಲಿ ಉಗುಳುತ್ತಿದ್ದರು. ಹೆಂಡತಿಗೆ ಅನುಮಾನ ಬಂತು. ಬಾಯಿ ಮೂಸುವುದು, ಜೇಬು ತಡಕುವುದು, ಗಂಬೂಟು ಬೋರಲು ಹಾಕುವುದು ಶುರುವಾಯಿತು. ಅಷ್ಟರಲ್ಲಿ ಭಾವಮೈದುನ ಎಲ್ಲಿಂದಲೋ "ಕುಡಿಯುವವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ" ಅನ್ನುವ ಪುಡಿ ತಂದ. ಅಂಥ ಪುಡಿಯಲ್ಲಿ ಏನು ಬೇಕಾದರೂ ಇರಬಹುದು. ಗೊತ್ತಿಲ್ಲದೆ ಡೈಸಲ್ಫಿರಾಮ್ ಹೊಟ್ಟೆಗೆ ಹೋಗಿ ಅದರ ಮೇಲೆ ಕುಡಿದರೆ ಹೃದಯದ ತೊಂದರೆ ಇರುವವರು ಸಾಯಲೂಬಹುದು. ಒಂದು ದಿನ ಅಡುಗೆಮನೆಯ ಡಬ್ಬದಲ್ಲಿ ಪೊಟ್ಟಣ ರೈಟರ ಕೈಗೆ ಸಿಕ್ಕಿತು. ಅಲ್ಲಿಗೆ ಗಂಡನೂ ಬಚ್ಚಿಡುವವ, ಹೆಂಡತಿಯೂ ಬಚ್ಚಿಡುವವಳು. "ನನ್ನೇ ಕಳ್ಳ ಅಂತೀಯಲ್ಲ, ನೀನೇನ್ ಮಾಡಿದೀಯ ನೋಡು" ಅಂತ ರೇಗಿ ಹೋದವರು ಮೂರು ದಿನ ಮನೆಗೆ ಬರಲಿಲ್ಲ.

ಇಬ್ಬರೂ ನನ್ನ ಹತ್ತಿರ ಬಂದಿದ್ದು ಇದಾದ ಮೇಲೆ.

ಆಣೆ ಯಾಕೆ ಕೆಲಸ ಮಾಡಲಿಲ್ಲ

ಆಣೆ ಮಾಡಿ ಬಿಟ್ಟು, ಹತ್ತಾರು ವರ್ಷ ಮುಟ್ಟದೆ ಇರುವವರನ್ನು ನಾನೇ ನೋಡಿದ್ದೇನೆ. ಅವರ ನಂಬಿಕೆಗೆ ಕೈ ಮುಗಿಯುತ್ತೇನೆ. ಆದರೆ ಇವರ ವಿಷಯದಲ್ಲಿ ಆಣೆಯೇ ಸುಳ್ಳಿಗೆ ಕಾರಣವಾಗಿತ್ತು. ಆಣೆ ನಾಳೆಯ ಮಾತು. ನಾಳೆಯ ಬಗ್ಗೆ ಯಾರಿಗೆ ತಾನೇ ನಿಜ ಹೇಳಲು ಬರುತ್ತದೆ? ಒಮ್ಮೆ ತಪ್ಪಿದರೆ ಹೆಂಡತಿಯ ಜೊತೆ ದೇವರಿಗೂ ಮೋಸ ಮಾಡಿದ ಹಾಗೆ, ಅದನ್ನು ಬಾಯಿಬಿಟ್ಟು ಹೇಳುವುದು ಇನ್ನೂ ಕಷ್ಟ. ಹೇಳಲಾಗದ್ದನ್ನು ಮುಚ್ಚಲು ಇನ್ನೊಂದು ಪ್ಯಾಕೆಟ್. ಹಾಗಾಗಿ ನಾವು ಮೊದಲು ಮಾಡಿದ ತೀರ್ಮಾನ, ಇನ್ನು ಯಾರೂ ಆಣೆ ಹಾಕಿಸಬಾರದು, "ಇನ್ಮೇಲೆ" ಅನ್ನುವ ಮಾತು ಮನೆಯಲ್ಲಿ ಬೇಡ. ಇವತ್ತು ಏನಾಯಿತು, ಅಷ್ಟು ಹೇಳಿದರೆ ಸಾಕು.

ಎರಡನೇ ತೀರ್ಮಾನ ಹೆಂಡತಿಗೆ ಕಷ್ಟವಾಯಿತು. ಬಾಯಿ ಮೂಸುವುದು, ಜೇಬು ನೋಡುವುದು ನಿಲ್ಲಬೇಕು. ಅವರು ಕುಡಿದು ಬಂದು ತಾವಾಗಿಯೇ ಹೇಳಿದ ದಿನ ಕೂಗಾಡಬಾರದು, ತವರಿಗೆ ಫೋನ್ ಮಾಡಬಾರದು. ಮಾತು ಮಾರನೇ ದಿನಕ್ಕೆ. ಬಯ್ಯುವ ಹಕ್ಕು ಹಾಗೇ ಇರಲಿ, ಹೊತ್ತು ಮಾತ್ರ ಬದಲಾಗಲಿ. ಹೊಡೆತ, ಹಿಂಸೆ ಇರುವ ಮನೆಯಲ್ಲಿ ನಾನು ಇಂಥ ಒಪ್ಪಂದ ಮಾಡಿಸುವುದಿಲ್ಲ, ಇಲ್ಲಿ ಅದು ಇರಲಿಲ್ಲ ಅನ್ನುವುದನ್ನು ಬೇರೆಯಾಗಿ ಕೂತು ಕೇಳಿಕೊಂಡಿದ್ದೆ. ಹಾಗೇ ಹೆಂಡತಿಯೂ ಒಂದು ಸುಳ್ಳು ಬಿಡಬೇಕಿತ್ತು. ಗಂಡ ಏಳಲಾಗದ ದಿನ ಸಾಹುಕಾರರಿಗೆ ಫೋನ್ ಮಾಡಿ "ಜ್ವರ ಕಣಣ್ಣ" ಅನ್ನುತ್ತಿದ್ದವರು ಅವರೇ. "ಅದೂ ಸುಳ್ಳೇ ಅಲ್ವಾ ಮೇಡಂ" ಅಂತ ಅವರೇ ಅಂದರು. ಸಾಹುಕಾರರಿಗೆ ಫೋನ್ ಮಾಡುವುದು ಅವತ್ತಿಗೇ ನಿಂತಿತು.

ಮೂರನೆಯದು ಲೆಕ್ಕದ ಪುಸ್ತಕ, ಇದು ರೈಟರದ್ದೇ ಐಡಿಯಾ. ಹಳೇ ಖಾಲಿ ಚೆಕ್‌ರೋಲ್ ಒಂದನ್ನು ತಂದರು. ತಾರೀಖಿನ ಮನೆಗಳು ಇದ್ದೇ ಇದ್ದವು. ಆಳುಗಳ ಹೆಸರು ಬರೆಯುವ ಕಡೆ ಮೂರು ಸಾಲು ಹಾಕಿದರು: ಕುಡಿದೆ, ಆಸೆ ಬಂತು, ಸುಳ್ಳು ಹೇಳಿದೆ. ರಾತ್ರಿ ಊಟಕ್ಕೆ ಮೊದಲು ತುಂಬಿಸಬೇಕು. ಅದರ ಜೊತೆ ವಾರಕ್ಕೊಮ್ಮೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ. 1935ರಲ್ಲಿ ಅಮೆರಿಕದ ಓಹಿಯೋದಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಸರ್ಜನ್, ತಮ್ಮ ತಮ್ಮ ಕಥೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡು ಶುರು ಮಾಡಿದ ಕೂಟ ಅದು. ಅವರ 12 ಹೆಜ್ಜೆಗಳಲ್ಲಿ ನಾಲ್ಕನೆಯದೇ ತನ್ನ ತಪ್ಪುಗಳ ಪಟ್ಟಿ ತಾನೇ ಮಾಡುವುದು, ಐದನೆಯದು ಅದನ್ನು ಇನ್ನೊಬ್ಬ ಮನುಷ್ಯನಿಗೆ ಹೇಳುವುದು. ಅಲ್ಲಿ ಹಾಸನದ ಕಡೆಯ ಹಿರಿಯರೊಬ್ಬರು ಸ್ಪಾನ್ಸರ್, ಅಂದರೆ ಮೊದಲೇ ಕುಡಿತ ಬಿಟ್ಟು ಹೊಸಬರ ಜೊತೆ ನಿಲ್ಲುವವರು, ಆಗಿ ಸಿಕ್ಕರು. ರಾತ್ರಿ ಒಂದು ಫೋನ್, ಬೇಕಾದರೆ ಎರಡೇ ನಿಮಿಷ.

ಒಂದೇ ಪೆನ್ನಿನ ಎರಡು ವಾರ

ಮೊದಲ ತಿಂಗಳು ಚೆನ್ನಾಗಿತ್ತು. ಸುಳ್ಳಿನ ಸಾಲಿನಲ್ಲಿ ಬಂದಿದ್ದೆಲ್ಲ ಸಣ್ಣಪುಟ್ಟದ್ದು. ಊಟ ಆಗದಿದ್ದರೂ ಆಯ್ತು ಅಂದಿದ್ದು. ತಡವಾಗಿ ಹೊರಟು ಬಸ್ ಸಿಗ್ಲಿಲ್ಲ ಅಂದಿದ್ದು. ಮಗಳ ಕಾಲೇಜು ಫೀಸಿಗೆ "ಸಾಹುಕಾರ್ರನ್ನ ಕೇಳಿದೀನಿ" ಅಂದಿದ್ದು, ಕೇಳಿರಲಿಲ್ಲ. ಕುಡಿತಕ್ಕೂ ಇದಕ್ಕೂ ಏನು ಸಂಬಂಧ ಅಂತ ಅವರಿಗೆ ಅನ್ನಿಸುತ್ತಿತ್ತು. ಸಂಬಂಧ ಇದೆ. ಯಾರಾದರೂ ಬೇಜಾರು ಮಾಡಿಕೊಂಡಾರು ಅನ್ನಿಸಿದ ತಕ್ಷಣ ಬಾಯಿಗೆ ಸುಳ್ಳು ಬರುವುದು ಅವರಿಗೆ ಉಸಿರಾಡಿದಷ್ಟೇ ಸಲೀಸಾಗಿತ್ತು. ಆ ದಾರಿ ತೆರೆದೇ ಇದ್ದರೆ ಪ್ಯಾಕೆಟ್ ಕೂಡ ಅದೇ ದಾರಿಯಲ್ಲಿ ಒಳಗೆ ಬರುತ್ತದೆ.

ಆಮೇಲೆ ಒಂದು ಸಲ ಪುಸ್ತಕ ತಂದಾಗ ಎರಡು ವಾರದ ಮನೆಗಳೂ ತುಂಬಿದ್ದವು. ಕುಡಿದೆ: ಇಲ್ಲ. ಆಸೆ: ಇಲ್ಲ. ಸುಳ್ಳು: ಇಲ್ಲ. ಎಲ್ಲ ಒಂದೇ ನೀಲಿ ಪೆನ್ನು, ಒಂದೇ ಓರೆ, ಒಂದೇ ಒತ್ತು. ಅದಕ್ಕೆ ಮೊದಲಿನ ಪುಟಗಳಲ್ಲಿ ಪೆನ್ನು ಬದಲಾಗಿತ್ತು, ಎಣ್ಣೆ ಕೈ ಅಂಟಿತ್ತು, ಒಂದು ಕಡೆ ಮಳೆ ಹನಿ ಬಿದ್ದು ಶಾಯಿ ಹರಡಿತ್ತು. ನಾನು ಏನೂ ಹೇಳಲಿಲ್ಲ, ಸುಮ್ನೆ ಎರಡೂ ಪುಟ ಬಿಚ್ಚಿ ಪಕ್ಕಪಕ್ಕ ಇಟ್ಟೆ. ರೈಟರು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ನಕ್ಕುಬಿಟ್ಟರು. "ಇದು ಒಂದೇ ಸಲ ಕೂತು ತುಂಬಿಸಿದ ಹಾಜರಿ ಮೇಡಂ. ನಂಗೆ ಚೆನ್ನಾಗ್ ಬರತ್ತೆ ಇದು."

ಆ ಮಾತಿನ ಹಿಂದೆಯೇ ದೊಡ್ಡದು ಹೊರಗೆ ಬಂತು. ಆ ಎರಡು ವಾರದಲ್ಲಿ ಒಂದು ದಿನ ಕುಡಿದಿದ್ದರು. ಅದು ಸಣ್ಣದು. ದೊಡ್ಡದೇನೆಂದರೆ, ಎರಡು ಕೊಯ್ಲಿನ ಕಾಲ ಇಲ್ಲದ ಆಳುಗಳ ಹೆಸರು ಚೆಕ್‌ರೋಲಿಗೆ ಹತ್ತಿಸಿ ಸಂಬಳ ತೆಗೆದಿದ್ದರು. ಮೇಸ್ತ್ರಿಗೂ ಪಾಲಿತ್ತು. ಕುಡಿತದ ದುಡ್ಡು ಬಂದಿದ್ದು ಅಲ್ಲಿಂದ. ಹೆಂಡತಿಗೆ ಗೊತ್ತಿಲ್ಲ, ಸ್ಪಾನ್ಸರಿಗೆ ಹೇಳಿಲ್ಲ. ಸಭೆಯಲ್ಲಿ ಎದೆ ಬಿಚ್ಚಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದರೂ ಇದೊಂದನ್ನು ಮಾತ್ರ ಹೊರಗಿಟ್ಟಿದ್ದರು. ನನ್ನ ಅನುಭವದಲ್ಲಿ ಹೆಚ್ಚಿನವರ ಹತ್ತಿರ ಇಂಥದ್ದೊಂದು ಇರುತ್ತದೆ. ಕುಡಿತ ಒಪ್ಪಿಕೊಳ್ಳುವುದು ಅದರ ಮುಂದೆ ಸುಲಭ.

ಕಂಬಳ ಗೆದ್ದವರಂತೆ ಅವರಿಗೆ ಹುಮ್ಮಸ್ಸು ಬಂದುಬಿಟ್ಟಿತು. ನಾಳೆಯೇ ಸಾಹುಕಾರರ ಬಂಗಲೆಗೆ ಹೋಗಿ ಎಲ್ಲ ಹೇಳಿ ಎದೆ ಹಗುರ ಮಾಡಿಕೊಳ್ಳುತ್ತೇನೆ ಅಂದರು. ಬೇಡ ಅಂದೆ, ಸ್ಪಾನ್ಸರೂ ಬೇಡ ಅಂದರು. 12 ಹೆಜ್ಜೆಗಳಲ್ಲಿ ಒಂಬತ್ತನೆಯದು ತಪ್ಪನ್ನು ನೇರವಾಗಿ ಸರಿಪಡಿಸುವುದು, ಆದರೆ ಅದರಿಂದ ಅವರಿಗೋ ಬೇರೆಯವರಿಗೋ ಕೇಡಾಗುವ ಹಾಗಿದ್ದರೆ ಮಾಡಬಾರದು ಅಂತ ಅದರಲ್ಲೇ ಇದೆ. ಮೇಸ್ತ್ರಿ ಸಂಸಾರ ಸಮೇತ ತೋಟದವರೇ ಆಳುಗಳಿಗೆ ಕೊಡುವ ಲೈನ್ ಮನೆಯಲ್ಲಿ ಇರುವವನು. ಕೆಲಸ ಹೋದರೆ ಮನೆಯೂ ಹೋಯಿತು. ಇವರ ಎದೆ ಹಗುರ ಆಗಲು ಅವನ ಮಕ್ಕಳು ಬೀದಿಗೆ ಬರಬೇಕಾ? ಹಾಗಂತ ಮೇಸ್ತ್ರಿಯ ಹೆಸರು ಹೇಳಿ ಇವರೇ ಸುಮ್ಮನಾಗಿಬಿಡುವುದೂ ಸರಿಯಲ್ಲ.

ಸುಮಾರು ದಿನ ಇದರ ಮೇಲೇ ಮಾತಾಯಿತು. ಕೊನೆಗೆ ಹೀಗೆ ಮಾಡಿದರು. ಮೊದಲು ಹೆಂಡತಿಗೆ ಹೇಳಿದರು, ಯಾಕೆಂದರೆ ಇದರ ಹೊರೆ ಅವರ ಮೇಲೂ ಬೀಳುತ್ತದೆ. ಪರಿಚಯದ ವಕೀಲರೊಬ್ಬರನ್ನು ಕೇಳಿದರು, ಪೊಲೀಸ್ ಕಂಪ್ಲೇಂಟ್ ಆಗಬಹುದು ಅಂತ ಅವರು ಸ್ಪಷ್ಟವಾಗಿ ಹೇಳಿದರು. ಹಳೇ ಪುಸ್ತಕ ತೆಗೆದು ತಮ್ಮ ಪಾಲಿನ ಲೆಕ್ಕ ಹಾಕಿದರು. ತಾವು ಅಂದುಕೊಂಡಿದ್ದಕ್ಕಿಂತ ಮೊತ್ತ ಜಾಸ್ತಿ ಬಂತು. ಕುಡುಕನ ನೆನಪು ಯಾವಾಗಲೂ ಅವನ ಪರವೇ ಇರುತ್ತದೆ. ಆಮೇಲೆ ಮೇಸ್ತ್ರಿಯನ್ನು ಕಂಡು, ನನ್ನದನ್ನು ನಾನು ಹೇಳುತ್ತೇನೆ, ನಿನ್ನ ಹೆಸರು ಎತ್ತುವುದಿಲ್ಲ ಅಂದರು. ಮೇಸ್ತ್ರಿ ಕೆಟ್ಟದಾಗಿ ಬೈದು ಕಳಿಸಿದ.

ಬಂಗಲೆಯಲ್ಲಿ

ಅವತ್ತು ನಾನು ಇರಲಿಲ್ಲ, ಅವರು ಹೇಳಿದ್ದನ್ನೇ ಬರೆಯುತ್ತೇನೆ. ಸಾಹುಕಾರರು ಲೆಕ್ಕದ ಹಾಳೆ ಪೂರ್ತಿ ಓದಿದರಂತೆ. "ಕುಡೀತಿದ್ದಿದ್ದು ಗೊತ್ತಿತ್ತು ಕಣೋ. ಇದು ಗೊತ್ತಿರಲಿಲ್ಲ" ಅಂದರಂತೆ. ಆಮೇಲೆ ನಾವೆಲ್ಲ ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು: "ಜೊತೆಗೆ ಯಾರಿದ್ರು?"

"ಯಾರೂ ಇಲ್ಲ" ಅನ್ನುವುದು ಸುಲಭವಿತ್ತು, ಕೇಳಲು ಒಳ್ಳೆಯತನದ ಹಾಗೂ ಇರುತ್ತಿತ್ತು. ಆದರೆ ಅದು ಸುಳ್ಳು. ರೈಟರು ಹೇಳಿದ್ದು, "ನನ್ನ ಪಾಲು ಹೇಳೋಕೆ ಬಂದೆ ಸಾಹುಕಾರ್ರೇ. ಬೇರೆಯವರದ್ದು ನನ್ನ ಬಾಯಲ್ಲಿ ಬೇಡ." ಸಾಹುಕಾರರಿಗೆ ಸಿಟ್ಟು ಬಂತು, ಬೈದರು. ಪ್ರಕರಣದ ಪೂರ್ತಿ ತಿರುವು ನನ್ನ ಪ್ರಕಾರ ಇದೇ ಮಾತು. ಸುಳ್ಳು ಹೇಳದೆ ಸುಮ್ಮನಿರಲು ಬರುತ್ತದೆ ಅಂತ ಈ ಮನುಷ್ಯನಿಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಎದುರಿನವರು ಕೇಳಿದ ಮೇಲೆ ಏನಾದರೂ ಹೇಳಲೇಬೇಕು, ನಿಜ ಹೇಳಲಾಗದಿದ್ದರೆ ಸುಳ್ಳನ್ನಾದರೂ ಹೇಳಬೇಕು ಅಂತಲೇ ನಡೆದುಕೊಂಡು ಬಂದವರು.

ಸಿನಿಮಾದಲ್ಲಿ ಆಗಿದ್ದರೆ ಸಾಹುಕಾರರು ಬೆನ್ನು ತಟ್ಟುತ್ತಿದ್ದರು. ಇಲ್ಲಿ ಅಂಥದ್ದೇನೂ ಆಗಲಿಲ್ಲ. ಪೊಲೀಸಿಗೆ ಕೊಡಲಿಲ್ಲ, ಅದೇ ದೊಡ್ಡದು. ಚೆಕ್‌ರೋಲ್, ಬಟವಾಡೆ ಎರಡನ್ನೂ ಕಿತ್ತುಕೊಂಡು ನರ್ಸರಿ ಮತ್ತು ಕಣ ನೋಡಿಕೊಳ್ಳಲು ಹಾಕಿದರು. ಸಂಬಳ ಕಡಿಮೆಯಾಯಿತು, ಅದರಲ್ಲೂ ತಿಂಗಳು ತಿಂಗಳು ಹಿಡಿದುಕೊಳ್ಳುತ್ತಾರೆ. ಹೆಂಡತಿ ಸಂಘದ ಸಾಲ ತೀರಿಸಲು ಬೇರೆ ತೋಟಕ್ಕೆ ಕೊಯ್ಲಿಗೆ ಹೋದರು. ಸಂಬಂಧಿಕರಲ್ಲಿ ಒಬ್ಬರು "ಸುಮ್ನಿದ್ರೆ ಯಾರಿಗೆ ಗೊತ್ತಾಗ್ತಿತ್ತು, ದಡ್ಡ" ಅಂದರಂತೆ. ನಿಜ ಹೇಳಿದರೆ ಒಳ್ಳೆಯದೇ ಆಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕೆಲಸವೇ ಹೋಗುವ ಸಾಧ್ಯತೆ ಇತ್ತು, ಅದಕ್ಕೆ ತಯಾರಾಗಿಯೇ ಅವರು ಹೋಗಿದ್ದರು.

ಇದಾದ ಮೇಲೂ ಒಮ್ಮೆ ಜಾರಿದರು. ಸುಗ್ಗಿ ಹಬ್ಬದ ರಾತ್ರಿ, ನೆಂಟರ ಮಧ್ಯೆ. ವ್ಯತ್ಯಾಸ ಏನಪ್ಪಾ ಅಂದರೆ, ಅದೇ ರಾತ್ರಿ ನಾಲಿಗೆ ತೊದಲುತ್ತಿದ್ದಾಗಲೇ ಸ್ಪಾನ್ಸರಿಗೆ ಫೋನ್ ಮಾಡಿದರು, ಮನೆಗೆ ಬಂದು ಹೆಂಡತಿಗೂ ಹೇಳಿದರು. ಹೆಂಡತಿ ಒಪ್ಪಂದದಂತೆ ಒಂದು ಮಾತೂ ಆಡದೆ ಕೋಣೆ ಬಾಗಿಲು ಹಾಕಿಕೊಂಡು ಮಲಗಿದರು. ಬೆಳಿಗ್ಗೆ ಚೆನ್ನಾಗಿ ಬೈದರು. ಹಿಂದೆಲ್ಲ ಒಂದು ಪ್ಯಾಕೆಟ್ ಮೂರು ತಿಂಗಳ ಕುಡಿತವಾಗುತ್ತಿತ್ತು, ಮುಚ್ಚಿಡಲು ಮತ್ತೆ ಮತ್ತೆ ಕುಡಿಯಬೇಕಾಗುತ್ತಿತ್ತು. ಈ ಸಲ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ, ಒಂದೇ ರಾತ್ರಿಗೆ ಮುಗಿಯಿತು. ವಾರದೊಳಗೆ ಮನೋವೈದ್ಯರನ್ನು ಕಂಡು, ಉಗುಳಿದ ವಿಷಯವನ್ನೂ ಹೇಳಿ, ಮತ್ತೆ ಮಾತ್ರೆ ಕೇಳಿ ತೆಗೆದುಕೊಂಡರು. ಈ ಸಲ ನುಂಗಿದರು.

ಈ ಕೆಲಸದಲ್ಲಿ ಇರುವವರಿಗೆ ಎರಡು ಮಾತು. ಪುಸ್ತಕದ ಉಪಾಯ ಎಲ್ಲರಿಗೂ ಹೊಂದುವುದಿಲ್ಲ, ಇವರಿಗೆ ಹೊಂದಿದ್ದು ಸುಳ್ಳು ಬರೆಯುವುದು ಹೇಗೆ ಅಂತ ಇವರಿಗೆ ಚೆನ್ನಾಗಿ ಗೊತ್ತಿದ್ದರಿಂದ. ಬರುವವರು ಯಾವ ರೀತಿಯ ಸುಳ್ಳಿನಲ್ಲಿ ಪಳಗಿದ್ದಾರೆ ಅಂತ ನೋಡಿ, ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಇನ್ನೊಂದು, ಪತ್ತೆದಾರಿಕೆ ನಿಲ್ಲಿಸದೆ ಮನೆಯವರು ನಿಜ ನಿರೀಕ್ಷಿಸಿದರೆ ಅದು ನಡೆಯುವುದಿಲ್ಲ. ಹುಡುಕುವವರು ಇರುವವರೆಗೆ ಬಚ್ಚಿಡುವುದೂ ಒಂದು ಆಟವಾಗಿ ನಡೆಯುತ್ತಿರುತ್ತದೆ.

ಮೇಸ್ತ್ರಿ ಇವತ್ತಿಗೂ ರೈಟರ ಜೊತೆ ಮಾತಾಡುವುದಿಲ್ಲ, ಅವನ ವಿಷಯ ಸಾಹುಕಾರರಿಗೆ ಗೊತ್ತಾಯಿತೋ ಇಲ್ಲವೋ ನಾನು ಕೇಳಿಲ್ಲ. ಮಗಳು ಈಗ ಮಾತಾಡುತ್ತಾಳೆ, ದುಡ್ಡು ಮಾತ್ರ ಅಮ್ಮನ ಕೈಗೇ ಕೊಡುತ್ತಾಳೆ. ಈ ವರ್ಷ ಕೊಯ್ಲಿಗೆ ಮೊದಲು ಸಾಹುಕಾರರು ಕರೆದು ಚೆಕ್‌ರೋಲ್ ವಾಪಸ್ ತಗೋತೀಯಾ ಅಂತ ಕೇಳಿದ್ದರು. "ಬರೆಯೋದು ಬರೀತೀನಿ ಸಾಹುಕಾರ್ರೇ, ಬಟವಾಡೆ ಬೇಡ. ಅಷ್ಟು ನಗದು ಕೈಗೆ ಬಂದ್ರೆ ಏನ್ ಮಾಡ್ತೀನೋ ನಂಗೇ ಗೊತ್ತಿಲ್ಲ" ಅಂದರಂತೆ. ಎರಡೂ ಒಪ್ಪಿದ್ದರೆ ಸಂಬಳ ಮೊದಲಿನಷ್ಟಾಗುತ್ತಿತ್ತು. ಹೆಂಡತಿಗೆ ಅದರ ಬೇಜಾರಿದೆ, ಅದನ್ನವರು ಗಂಡನ ಮುಖಕ್ಕೇ ಹೇಳಿದ್ದಾರೆ.